ವಿದೇಶಿ ಕಂಪನಿಗೆ ಕುಳಿತಲ್ಲಿಂದಲೇ ಕೆಲಸ: ಆದಾಯ ತೆರಿಗೆ ಯಾರ ಹೆಗಲಿಗೆ?

ಸಂದರ್ಶನಗಳೆಲ್ಲ ಮುಗಿದು ಮಾತು ಕುದುರಿದ ಮೇಲೆ ಒಂದು ಇಮೇಲ್ ಬರುತ್ತದೆ. ‘ನೌಕರರಾಗಿ ಸೇರುತ್ತೀರಾ, ಕಾಂಟ್ರಾಕ್ಟರ್ ಆಗಿ ಸೇರುತ್ತೀರಾ? ಶುಕ್ರವಾರದೊಳಗೆ ತಿಳಿಸಿ.’ ಬರೆದವರಿಗೆ ಅದು ಫಾರಂನಲ್ಲಿ ತುಂಬಬೇಕಾದ ಒಂದು ಖಾನೆ. ಆದರೆ ಮುಂದಿನ ವರ್ಷಗಳಲ್ಲಿ ತೆರಿಗೆ ಕಟ್ಟುವವರು ಯಾರು, ತಪ್ಪಾದರೆ ನೋಟಿಸ್ ಯಾರ ಬಾಗಿಲಿಗೆ ಬರುತ್ತದೆ ಎಂಬುದು ನಿಮ್ಮ ಆ ಒಂದು ಸಾಲಿನ ಉತ್ತರದಲ್ಲಿ ತೀರ್ಮಾನವಾಗಿಬಿಡುತ್ತದೆ.

ಈ ಹಂತದಲ್ಲಿ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ‘ಯಾವ ದೇಶಕ್ಕೆ ತೆರಿಗೆ ಕಟ್ಟಬೇಕು’ ಎಂದು. ಅದರಲ್ಲಿ ಆರಿಸಿಕೊಳ್ಳುವುದಕ್ಕೆ ಅಷ್ಟೇನೂ ಇರುವುದಿಲ್ಲ. ನಿಮ್ಮ ಕೈಯಲ್ಲಿ ನಿಜವಾಗಿ ಉಳಿದಿರುವುದು ಇನ್ನೊಂದು: ಆ ತೆರಿಗೆಯನ್ನು ಲೆಕ್ಕ ಹಾಕಿ, ಕಡಿತ ಮಾಡಿ, ಸರ್ಕಾರಕ್ಕೆ ತಲುಪಿಸುವ ಹೊಣೆ ಯಾರದು? ಕಂಪನಿಯದೇ, ನಡುವಿನ ಸಂಸ್ಥೆಯದೇ, ನಿಮ್ಮದೇ? ನನ್ನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಕುರ್ಚಿ ಇದ್ದಲ್ಲಿ ತೆರಿಗೆ

ತೆರಿಗೆ ಕಾನೂನಿನ ಕಣ್ಣಿಗೆ ಸಂಬಳ ಹುಟ್ಟುವುದು ಸಾಮಾನ್ಯವಾಗಿ ದುಡಿಮೆ ನಡೆಯುವ ಜಾಗದಲ್ಲಿ. ಹಣ ಎಲ್ಲಿಂದ ಹೊರಟಿತು ಎಂಬುದು ಆಮೇಲಿನ ಮಾತು. ದೇಶದೇಶಗಳ ನಡುವಿನ ದ್ವಿತೆರಿಗೆ ತಡೆ ಒಪ್ಪಂದಗಳಲ್ಲಿ ಬಹುಪಾಲು ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ಸಂಘಟನೆ) ಸಿದ್ಧಪಡಿಸಿದ ಮಾದರಿಯನ್ನು ಅನುಸರಿಸುತ್ತವೆ. ಅದರ 15ನೇ ವಿಧಿ ಹೇಳುವುದೂ ಇದನ್ನೇ: ನೀವು ನಿವಾಸಿಯಾಗಿರುವ ದೇಶದಲ್ಲೇ ಕುಳಿತು ಕೆಲಸ ಮಾಡಿದರೆ ಆ ಸಂಬಳದ ಮೇಲಿನ ಹಕ್ಕು ಆ ದೇಶದ್ದು. ಕಂಪನಿಯ ಕೇಂದ್ರ ಕಚೇರಿ ಬೇರೆ ಖಂಡದಲ್ಲಿದ್ದರೂ ಅಷ್ಟೇ.

ಎಲ್ಲರ ಬಾಯಲ್ಲೂ ಓಡಾಡುವ ‘183 ದಿನ’ ಬರುವುದೂ ಇದೇ ವಿಧಿಯಲ್ಲಿ. ಅದನ್ನು ಅರ್ಥ ಮಾಡಿಕೊಂಡವರಿಗಿಂತ ತಪ್ಪಾಗಿ ತಿಳಿದವರೇ ಹೆಚ್ಚು. ಒಂದು ದೇಶದ ನಿವಾಸಿ ಇನ್ನೊಂದು ದೇಶಕ್ಕೆ ಹೋಗಿ ಸ್ವಲ್ಪ ಕಾಲ ಕೆಲಸ ಮಾಡಿ ಬಂದರೆ, ಹೋದ ದೇಶ ತೆರಿಗೆ ಕೇಳದಿರಲು ಅದು ಹಾಕುವ ಮೂರು ಷರತ್ತುಗಳಲ್ಲಿ 183 ದಿನ ಒಂದು ಮಾತ್ರ. ಸಂಬಳ ಕೊಡುವವರು ಆ ದೇಶದವರಾಗಿರಬಾರದು, ಅವರು ಅಲ್ಲಿ ಹೊಂದಿರುವ ಶಾಖೆಯ ಲೆಕ್ಕಕ್ಕೆ ಆ ಸಂಬಳ ಬಿದ್ದಿರಬಾರದು ಎಂಬವು ಉಳಿದೆರಡು. ‘ಎಲ್ಲಿಯೂ 183 ದಿನ ಇರದಿದ್ದರೆ ಎಲ್ಲಿಯೂ ತೆರಿಗೆ ಇಲ್ಲ’ ಎಂಬ ಅರ್ಥ ಅದಕ್ಕಿಲ್ಲ. ನಿವಾಸಿ ಎನಿಸಿಕೊಳ್ಳಲು ಅಷ್ಟು ದಿನ ಬೇಕೆಂದೂ ಇಲ್ಲ. ಜರ್ಮನಿಯಲ್ಲಿ ನಿಮ್ಮ ಬಳಕೆಗೆ ಸಿದ್ಧವಾಗಿರುವ ಮನೆಯೊಂದಿದ್ದರೂ ನೀವು ನಿವಾಸಿಯಾಗಬಹುದು. ಬ್ರಿಟನ್ನಿನ ಪರೀಕ್ಷೆಯಲ್ಲಿ ಕುಟುಂಬ, ಮನೆ, ಕೆಲಸ ಮುಂತಾದ ನಂಟುಗಳು ಹೆಚ್ಚಿದಂತೆ ಬೇಕಾಗುವ ದಿನಗಳು ಕಡಿಮೆಯಾಗುತ್ತವೆ.

ವಿದೇಶಿ ಆದಾಯಕ್ಕೆ ತೆರಿಗೆ ಹಾಕದ ದೇಶಗಳ ವಿಷಯದಲ್ಲೂ ಇದೇ ಎಡವಟ್ಟು. ಸಿಂಗಪುರದಲ್ಲಿ ಕುಳಿತು ಬೇರೆ ದೇಶದ ಕಂಪನಿಗೆ ದುಡಿದರೆ, ದುಡಿಮೆ ಅಲ್ಲೇ ನಡೆದ ಕಾರಣ ಅದು ಸಿಂಗಪುರದ ಆದಾಯವೇ ಆಗುತ್ತದೆ. ಡಿಜಿಟಲ್ ಅಲೆಮಾರಿಗಳ (ಬೇರೆ ದೇಶದಲ್ಲಿದ್ದುಕೊಂಡು ಆನ್‌ಲೈನ್‌ನಲ್ಲಿ ದುಡಿಯುವವರ) ವೀಸಾ ಪಡೆದವರೂ ವೀಸಾ ಮತ್ತು ತೆರಿಗೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕ್ರೊಯೇಷಿಯಾ ಅಂಥವರ ದೂರದ ದುಡಿಮೆಗೆ ಆದಾಯ ತೆರಿಗೆ ವಿನಾಯಿತಿ ಕೊಡುತ್ತದೆ. ಸ್ಪೇನ್ ವಿನಾಯಿತಿ ಕೊಡುವುದಿಲ್ಲ, ಅರ್ಹರಿಗೆ 6 ಲಕ್ಷ ಯೂರೋವರೆಗೆ ಶೇ 24ರ ವಿಶೇಷ ದರ ಕೊಡುತ್ತದೆ. ಇನ್ನು ಅಮೆರಿಕದ ಪೌರರು ಭೂಮಿಯ ಯಾವ ಮೂಲೆಯಲ್ಲಿದ್ದರೂ ತಮ್ಮ ದೇಶಕ್ಕೆ ರಿಟರ್ನ್ ಸಲ್ಲಿಸಬೇಕು.

‘ಹಣ ಹೊರಗಿನಿಂದ ಬರುತ್ತದೆ, ಯಾರಿಗೆ ಗೊತ್ತಾಗುತ್ತದೆ’ ಎನ್ನುವವರಿಗೂ ಒಂದು ಮಾತು. 2017ರಿಂದ ದೇಶಗಳ ತೆರಿಗೆ ಇಲಾಖೆಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ಇಂದು ಈ ಬಳಗದಲ್ಲಿ ನೂರಕ್ಕೂ ಹೆಚ್ಚು ದೇಶ ಮತ್ತು ಪ್ರಾಂತಗಳಿವೆ.

ಮೊದಲ ದಾರಿ: ನೇರ ನೌಕರಿ

ಸಿಕ್ಕರೆ ಇದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ. ವಿದೇಶಿ ಕಂಪನಿ ನೀವಿರುವ ದೇಶದಲ್ಲಿ ಉದ್ಯೋಗದಾತ ಎಂದು ನೋಂದಾಯಿಸಿಕೊಂಡು, ಅಲ್ಲಿಯ ನಿಯಮದಂತೆ ಪ್ರತಿ ತಿಂಗಳು ತೆರಿಗೆ ಕಡಿದು ಕಟ್ಟುತ್ತದೆ. ನೀವು ವರ್ಷಕ್ಕೊಮ್ಮೆ ರಿಟರ್ನ್ ಸಲ್ಲಿಸಿದರಾಯಿತು.

ಆದರೆ ಒಬ್ಬಿಬ್ಬರಿಗಾಗಿ ಇಷ್ಟು ಮಾಡುವ ಕಂಪನಿಗಳು ಕಡಿಮೆ. ಅವುಗಳ ಭಯಕ್ಕೆ ಕಾರಣ ‘ಕಾಯಂ ನೆಲೆ’ ಎಂಬ ಪರಿಕಲ್ಪನೆ. ನಿಮ್ಮ ಮನೆಯ ಮೂಲೆಯ ಮೇಜು ಕಂಪನಿಯ ವ್ಯವಹಾರದ ನೆಲೆ ಎಂದು ನಿಮ್ಮ ದೇಶ ತೀರ್ಮಾನಿಸಿದರೆ, ಕಂಪನಿಯ ಲಾಭದ ಒಂದು ಪಾಲಿನ ಮೇಲೂ ತೆರಿಗೆ ಬೀಳುತ್ತದೆ. ಒಇಸಿಡಿ 2025ರ ನವೆಂಬರ್‌ನಲ್ಲಿ ತನ್ನ ಮಾದರಿಯ ವ್ಯಾಖ್ಯಾನ ತಿದ್ದಿ ಈ ಭಯವನ್ನು ತುಸು ಇಳಿಸಿದೆ. ಹನ್ನೆರಡು ತಿಂಗಳಲ್ಲಿ ಕೆಲಸದ ಸಮಯದ ಅರ್ಧಕ್ಕಿಂತ ಕಡಿಮೆ ಮನೆಯಿಂದ ನಡೆದರೆ ಸಾಮಾನ್ಯವಾಗಿ ಅದು ನೆಲೆಯಲ್ಲ; ಅದಕ್ಕಿಂತ ಹೆಚ್ಚಾದರೆ, ನೀವು ಆ ದೇಶದಲ್ಲೇ ಇರುವುದರಿಂದ ಕಂಪನಿಗೆ ವ್ಯಾಪಾರದ ಕಾರಣವೇನಾದರೂ ಇದೆಯೇ ಎಂದು ನೋಡಲಾಗುತ್ತದೆ. ಕೋಡ್ ಬರೆಯುವವರಿಗಿಂತ ಕಂಪನಿಯ ಪರವಾಗಿ ಗಿರಾಕಿಗಳ ಜೊತೆ ಕರಾರು ಕುದುರಿಸುವವರಿಗೆ ಈ ತೊಡಕು ಹೆಚ್ಚು.

ನೋಂದಣಿಯನ್ನೇ ಮಾಡಿಸದೆ ‘ಪೂರ್ತಿ ಸಂಬಳ ಕೊಡುತ್ತೇವೆ, ತೆರಿಗೆ ನೀವೇ ಕಟ್ಟಿಕೊಳ್ಳಿ’ ಎನ್ನುವ ಕಂಪನಿಗಳೂ ಇವೆ. ಬ್ರಿಟನ್ನಿನಂಥ ಕೆಲವು ದೇಶಗಳಲ್ಲಿ, ಅಲ್ಲಿ ಯಾವ ನೆಲೆಯೂ ಇಲ್ಲದ ಕಂಪನಿಯ ನೌಕರ ತನ್ನ ತೆರಿಗೆ ತಾನೇ ಕಟ್ಟುವುದಕ್ಕೆ ಕಾನೂನಿನಲ್ಲೇ ದಾರಿಯಿದೆ. ಎಲ್ಲೆಡೆ ಇದೆ ಎಂದುಕೊಳ್ಳಬೇಡಿ.

ಎರಡನೇ ದಾರಿ: ನಡುವೆ ಒಂದು ಸಂಸ್ಥೆ

ಇದನ್ನು ‘ಎಂಪ್ಲಾಯರ್ ಆಫ್ ರೆಕಾರ್ಡ್’, ಚುಟುಕಾಗಿ ಇಒಆರ್ ಎನ್ನುತ್ತಾರೆ. ನೀವಿರುವ ದೇಶದಲ್ಲಿ ನೋಂದಾಯಿತವಾದ ಸಂಸ್ಥೆಯೊಂದು ಕಾಗದದ ಮೇಲೆ ನಿಮ್ಮ ಉದ್ಯೋಗದಾತ. ಕೆಲಸ ಹೇಳುವುದು ಮಾತ್ರ ವಿದೇಶಿ ಕಂಪನಿ. ಸಂಬಳ ಚೀಟಿ, ತೆರಿಗೆ ಕಡಿತ, ಪಿಂಚಣಿ ವಂತಿಗೆ, ರಜೆ ಎಲ್ಲವೂ ಸ್ಥಳೀಯ ಕಾನೂನಿನಂತೆ ನಡೆಯುತ್ತವೆ. ತೆರಿಗೆಯ ಮಟ್ಟಿಗೆ ನೀವು ಊರಿನ ಯಾವುದೋ ಕಂಪನಿಯ ನೌಕರರಿಗಿಂತ ಬೇರೆಯಲ್ಲ.

ಕೆಣಕಿ ನೋಡಬೇಕಾದ ಜಾಗ ಎರಡಿವೆ. ಒಂದು, ಕಂಪನಿ ಹೇಳುವ ಮೊತ್ತ ಯಾವುದು. ‘ವರ್ಷಕ್ಕೆ ಇಷ್ಟು’ ಎಂದಾಗ ಅದು ನಿಮ್ಮ ಸಂಬಳವೋ, ಇಒಆರ್ ಶುಲ್ಕ ಮತ್ತು ಉದ್ಯೋಗದಾತರ ಪಾಲಿನ ವಂತಿಗೆಯೂ ಸೇರಿದ ಒಟ್ಟು ವೆಚ್ಚವೋ? ಎರಡನೆಯದಾದರೆ ಕೈಗೆ ಬರುವ ಮೊತ್ತ ನೋಡಿ ಪೆಚ್ಚಾಗುವುದು ಖಂಡಿತ. ಇನ್ನೊಂದು, ಷೇರುಗಳು. ಷೇರು ಕೊಡುವುದು ವಿದೇಶಿ ಕಂಪನಿ, ತೆರಿಗೆ ಕಡಿಯಬೇಕಾದದ್ದು ಇಒಆರ್. ಷೇರು ನಿಮ್ಮ ಹೆಸರಿಗಾದ ದಿನ ಅದರ ಬೆಲೆ ಸಂಬಳವೆಂದೇ ಎಣಿಕೆಯಾಗುವ ದೇಶಗಳು ಬಹಳ. ಆ ಸುದ್ದಿಯನ್ನು ಕಂಪನಿ ಇಒಆರ್‌ಗೆ ಮುಟ್ಟಿಸದಿದ್ದರೆ ಕಡಿತವಾಗುವುದಿಲ್ಲ, ತೆರಿಗೆ ಮಾತ್ರ ನಿಮ್ಮ ತಲೆಯ ಮೇಲೆ ಉಳಿಯುತ್ತದೆ.

ಮೂರನೇ ದಾರಿ: ಕಾಂಟ್ರಾಕ್ಟರ್

ಕಂಪನಿಗಳಿಗೆ ಅಚ್ಚುಮೆಚ್ಚಿನದು ಇದೇ, ಏಕೆಂದರೆ ಹೊಣೆಯೆಲ್ಲ ನಿಮ್ಮ ಹೆಗಲಿಗೆ ಬರುತ್ತದೆ. ನೀವು ಇನ್‌ವಾಯ್ಸ್ ಕಳಿಸುತ್ತೀರಿ, ಅವರು ಪೂರ್ತಿ ಹಣ ಹಾಕುತ್ತಾರೆ. ಮೊದಲ ತಿಂಗಳು ಖಾತೆಯಲ್ಲಿ ಆ ಮೊತ್ತ ಕಂಡಾಗ ಆಗುವ ಖುಷಿಯನ್ನು ನಾನೂ ಅನುಭವಿಸಿದ್ದೇನೆ. ಅದರಲ್ಲಿ ಸರ್ಕಾರದ ಪಾಲೂ ಇದೆ ಎಂಬುದು ನೆನಪಾಗುವುದು ತಡವಾಗಿ.

ತೆರಿಗೆ ಇಲಾಖೆಗಳು ವರ್ಷದ ಕೊನೆಯವರೆಗೆ ಕಾಯುವುದಿಲ್ಲ. ಭಾರತದಲ್ಲಿ ಮುಂಗಡ ತೆರಿಗೆಯನ್ನು ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಅಮೆರಿಕದಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಮರುವರ್ಷದ ಜನವರಿ 15 ಗಡುವು. ಬ್ರಿಟನ್ನಿನಲ್ಲಿ ಜನವರಿ 31 ಮತ್ತು ಜುಲೈ 31. ತಪ್ಪಿದರೆ ಬಡ್ಡಿ. ಬಂದ ಹಣದಲ್ಲಿ ಮೂರನೇ ಒಂದು ಪಾಲನ್ನು ಅದೇ ದಿನ ಬೇರೆ ಖಾತೆಗೆ ಹಾಕಿ ಮರೆತುಬಿಡುವುದು ನಾನು ಕಂಡುಕೊಂಡ ಉಪಾಯ. ನಿಮ್ಮ ದರಕ್ಕೆ ತಕ್ಕಂತೆ ಆ ಪಾಲು ಹೆಚ್ಚು ಕಡಿಮೆಯಾಗಬಹುದು.

ಇಲ್ಲಿ ಸಿಗುವ ಲಾಭವೂ ಸಣ್ಣದಲ್ಲ. ನೌಕರನಿಗೆ ಸಿಗದ ಖರ್ಚಿನ ಕಡಿತಗಳು ಇಲ್ಲಿ ಸಿಗುತ್ತವೆ: ಕಂಪ್ಯೂಟರ್, ಇಂಟರ್‌ನೆಟ್, ಲೆಕ್ಕಪರಿಶೋಧಕರ ಶುಲ್ಕ, ಮನೆಯ ಕೆಲಸದ ಕೋಣೆಯ ಪಾಲು. ಕೆಲವು ದೇಶಗಳು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟಲು ಬಿಡುತ್ತವೆ. ಭಾರತದಲ್ಲಿ ನಿಗದಿತ ವೃತ್ತಿಗಳವರು ಒಟ್ಟು ಸ್ವೀಕೃತಿ 50 ಲಕ್ಷ ರೂಪಾಯಿಯೊಳಗಿದ್ದರೆ, ನಗದಿನ ಪಾಲು ಶೇ 5 ಮೀರದಿದ್ದಲ್ಲಿ 75 ಲಕ್ಷದವರೆಗೂ, ಅದರ ಅರ್ಧವನ್ನು ಲಾಭವೆಂದು ತೋರಿಸಿ ಲೆಕ್ಕಪುಸ್ತಕದ ತಾಪತ್ರಯವಿಲ್ಲದೆ ತೆರಿಗೆ ಕಟ್ಟಬಹುದು. ಇಂಥ ಅನುಕೂಲ ನಿಮ್ಮ ವೃತ್ತಿಗೆ ಅನ್ವಯಿಸಿದರೆ ಕಾಂಟ್ರಾಕ್ಟರ್ ಪಟ್ಟ ಲಾಭದ್ದೇ.

ಅಪಾಯ ಇರುವುದು ಹೆಸರಿನಲ್ಲಿ. ಒಬ್ಬನೇ ಗಿರಾಕಿ, ಅವರು ಹೇಳಿದ ಹೊತ್ತಿಗೆ ಹಾಜರಿ, ಅವರದೇ ಲ್ಯಾಪ್‌ಟಾಪ್, ರಜೆಗೆ ಅವರ ಅನುಮತಿ: ಇಷ್ಟಿದ್ದ ಮೇಲೆ ಕರಾರಿನಲ್ಲಿ ‘ಕಾಂಟ್ರಾಕ್ಟರ್’ ಎಂದು ಬರೆದ ಮಾತ್ರಕ್ಕೆ ಕಾನೂನು ಒಪ್ಪಬೇಕಾಗಿಲ್ಲ. ಬ್ರಿಟನ್ 2000ದಲ್ಲೇ ಇಂಥ ವೇಷದ ನೌಕರಿಯನ್ನು ಹಿಡಿಯಲು ‘ಐಆರ್35’ ಎಂಬ ನಿಯಮ ತಂದಿತು. ಹೆಸರು ತಪ್ಪೆಂದು ಸಾಬೀತಾದರೆ ಹಿಂದಿನ ವರ್ಷಗಳ ಬಾಕಿ, ಬಡ್ಡಿ, ದಂಡ ಒಟ್ಟಿಗೇ ಬರುತ್ತವೆ. ಕಂಪನಿ ದೂರ ದೇಶದಲ್ಲಿದ್ದಾಗ ಇಲಾಖೆಗೆ ಮೊದಲು ಸಿಗುವವರು ನೀವು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುವುದು ಇದಕ್ಕೇ.

ಕಡಿದುಕೊಂಡ ಮೂವತ್ತು

ನನ್ನ ಮೊದಲ ಅಮೆರಿಕನ್ ಗಿರಾಕಿಗೆ 3,000 ಡಾಲರ್ ಬಿಲ್ ಕಳಿಸಿದ್ದೆ. ಬಂದದ್ದು 2,100. ಬ್ಯಾಂಕಿನವರು ನುಂಗಿದರೇನೋ ಎಂದುಕೊಂಡು ಎರಡು ದಿನ ಅವರ ಜೊತೆಗೇ ಜಗಳವಾಡಿದೆ. ತಪ್ಪು ಅವರದಾಗಿರಲಿಲ್ಲ. ನಾನು ವಿದೇಶಿ ವ್ಯಕ್ತಿ ಎಂದು ದೃಢೀಕರಿಸುವ ‘ಡಬ್ಲ್ಯು-8 ಬೆನ್’ ಎಂಬ ಫಾರಂ ನನ್ನಿಂದ ಹೋಗಿರಲಿಲ್ಲ. ಗಿರಾಕಿಯ ಲೆಕ್ಕ ವಿಭಾಗ ಸುರಕ್ಷಿತವಾಗಿರಲೆಂದು ಶೇ 30 ಕಡಿದು ಅಮೆರಿಕದ ಖಜಾನೆಗೆ ಕಟ್ಟಿಬಿಟ್ಟಿತ್ತು.

ಅಮೆರಿಕದ ಹೊರಗೆ ಕುಳಿತು ಮಾಡಿದ ಕೆಲಸದ ಹಣ ಆ ದೇಶದ ಮೂಲದ ಆದಾಯವೇ ಅಲ್ಲ, ಹೀಗಾಗಿ ಅದಕ್ಕೆ ಅಲ್ಲಿ ಕಡಿತವೂ ಇಲ್ಲ. ಸರಿ, ನನ್ನ ದೇಶದಲ್ಲಿ ಆ 900 ಡಾಲರನ್ನು ವಿದೇಶಿ ತೆರಿಗೆ ಜಮೆ ಎಂದು ತೋರಿಸಿ, ಇಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಬಿಡೋಣ ಎಂದುಕೊಂಡೆ. ಲೆಕ್ಕಪರಿಶೋಧಕರು ತಲೆಯಾಡಿಸಿದರು. ಕಡಿಯಲೇಬಾರದಿದ್ದ ತೆರಿಗೆಗೆ ನಿಮ್ಮ ದೇಶ ಜಮೆ ಕೊಡಬೇಕಾಗಿಲ್ಲ. ಹೋಗಿ ಕಡಿದವರನ್ನೇ ಕೇಳಬೇಕು. ಗಿರಾಕಿಯಿಂದ ‘1042-ಎಸ್’ ಎಂಬ ಪ್ರಮಾಣಪತ್ರ ತರಿಸಿಕೊಂಡು, ಅನಿವಾಸಿಗಳ ‘1040-ಎನ್‌ಆರ್’ ರಿಟರ್ನ್ ತುಂಬಿ, ಮರುಪಾವತಿಗೆ ತಿಂಗಳುಗಟ್ಟಲೆ ಕಾದೆ. ಡಬ್ಲ್ಯು-8 ಬೆನ್ ಒಂದು ಪುಟದ ಫಾರಂ ಅಷ್ಟೇ. ಸಹಿ ಹಾಕಿದ ವರ್ಷ ಮುಗಿದ ಮೇಲೆ ಮತ್ತೆ ಮೂರು ಕ್ಯಾಲೆಂಡರ್ ವರ್ಷ ನಡೆಯುತ್ತದೆ, ಆಮೇಲೆ ಹೊಸದು ಬೇಕು. ಆ ದಿನಾಂಕ ಈಗ ನನ್ನ ಮೊಬೈಲ್ ಕ್ಯಾಲೆಂಡರಿನಲ್ಲಿದೆ.

ಎಲ್ಲ ದೇಶಗಳೂ ಅಮೆರಿಕದ ಹಾಗಲ್ಲ. ತಾಂತ್ರಿಕ ಸೇವೆಯ ಹಣಕ್ಕೆ, ಕೆಲಸ ಎಲ್ಲೇ ನಡೆದಿರಲಿ, ಹಣ ಕೊಡುವ ದೇಶವೇ ಮೂಲ ಎನ್ನುವ ಕಾನೂನುಗಳಿವೆ. ಭಾರತದ ಕಾನೂನು ಅಂಥದ್ದು. ಅನಿವಾಸಿಗಳಿಗೆ ಸಲ್ಲುವ ಇಂಥ ಹಣದ ಮೇಲಿನ ತೆರಿಗೆ ದರವನ್ನು 2023ರಲ್ಲಿ ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ನಿಮ್ಮ ಗಿರಾಕಿ ಅಂಥ ದೇಶದಲ್ಲಿದ್ದರೆ ಕಡಿತ ಸಕ್ರಮವೇ. ಎರಡು ದೇಶಗಳ ಒಪ್ಪಂದದಲ್ಲಿ ಕಡಿಮೆ ದರ ಇದೆಯೇ ನೋಡಿ, ನಿಮ್ಮ ದೇಶದ ಇಲಾಖೆಯಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ಪಡೆದು ಮೊದಲ ಬಿಲ್ಲಿಗಿಂತ ಮುಂಚೆಯೇ ಕಳಿಸಿ. ಹೆಚ್ಚಿಗೆ ಕಡಿದರೆ ಮೇಲಿನ ಕಥೆಯೇ: ಒಪ್ಪಂದದ ದರದವರೆಗೆ ಜಮೆ, ಅದಕ್ಕಿಂತ ಮೇಲಿನದನ್ನು ಅಲೆದಾಡಿ ವಸೂಲಿ ಮಾಡಿಕೊಳ್ಳಬೇಕು.

ನಾಲ್ಕನೇ ದಾರಿ: ಸ್ವಂತ ಕಂಪನಿ

ಗಿರಾಕಿಗಳು ಹಲವರು, ಆದಾಯ ದೊಡ್ಡದು, ಅದರಲ್ಲಿ ಒಂದು ಪಾಲನ್ನು ತಕ್ಷಣ ಬಳಸುವುದಿಲ್ಲ ಎಂದಾದರೆ ಯೋಚಿಸಬಹುದು. ಕಂಪನಿಗೆ ಒಂದು ತೆರಿಗೆ, ಅದರಿಂದ ನೀವು ಪಡೆಯುವ ಸಂಬಳ ಅಥವಾ ಲಾಭಾಂಶಕ್ಕೆ ಇನ್ನೊಂದು. ಲೆಕ್ಕಪತ್ರ, ವಾರ್ಷಿಕ ವರದಿ, ಮುಚ್ಚುವಾಗಿನ ರಗಳೆ ಬೇರೆ. ಒಬ್ಬನೇ ಗಿರಾಕಿಗಾಗಿ ಇದನ್ನು ಕಟ್ಟಿಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕಂಪನಿಯನ್ನು ಬೇರೆ ದೇಶದಲ್ಲಿ ತೆರೆದರೆ ತೆರಿಗೆ ತಪ್ಪುತ್ತದೆ ಎಂಬ ಆಸೆಗೂ ಮಿತಿಯಿದೆ. ಎಸ್ಟೋನಿಯಾ 2014ರಲ್ಲಿ ಆರಂಭಿಸಿದ ಇ-ರೆಸಿಡೆನ್ಸಿ ಎಂಬ ಡಿಜಿಟಲ್ ಗುರುತು ಪಡೆದ ಹೊರದೇಶದವರೂ ಅಲ್ಲಿ ಆನ್‌ಲೈನ್‌ನಲ್ಲೇ ಕಂಪನಿ ತೆರೆಯಬಹುದು. ಲಾಭ ಹಂಚುವವರೆಗೆ ಅಲ್ಲಿ ಕಂಪನಿ ತೆರಿಗೆಯೂ ಇಲ್ಲ. ಆದರೆ ಅದು ನಿಮ್ಮನ್ನು ಎಸ್ಟೋನಿಯಾದ ತೆರಿಗೆ ನಿವಾಸಿಯಾಗಿ ಮಾಡುವುದಿಲ್ಲ. ನಿರ್ಧಾರಗಳೆಲ್ಲ ನಿಮ್ಮ ಮನೆಯಲ್ಲೇ ಆಗುತ್ತಿದ್ದರೆ, ಕಂಪನಿಯೂ ನಮ್ಮ ದೇಶದ್ದೇ ಎಂದು ನೀವಿರುವ ದೇಶ ಹೇಳಬಹುದು. ಮತ್ತೆ ಅದೇ ಕುರ್ಚಿಯ ಮಾತು.

4,800 ದೊಡ್ಡದೋ 6,000 ದೊಡ್ಡದೋ

ಕಂಪನಿ ಎರಡು ಮೊತ್ತ ಮುಂದಿಡುತ್ತದೆ ಎಂದುಕೊಳ್ಳಿ. ಇಒಆರ್ ಮೂಲಕವಾದರೆ ತಿಂಗಳಿಗೆ 4,800 ಡಾಲರ್ ಸಂಬಳ, ಕಾಂಟ್ರಾಕ್ಟರ್ ಆದರೆ 6,000. ವರ್ಷಕ್ಕೆ 57,600 ಮತ್ತು 72,000. ಕಣ್ಣಿಗೆ ಎರಡನೆಯದೇ ದಪ್ಪ.

ಈಗ ಎರಡನೆಯದನ್ನು ಬಿಡಿಸೋಣ. ಕೆಳಗಿನ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು, ಅಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಕೆಲಸ ಮಾಡದ ದಿನಕ್ಕೆ ಹಣವಿಲ್ಲ, ರಜೆ ಹಬ್ಬ ಸೇರಿ ಐದು ವಾರ ಹೋಯಿತು: 6,923 ಕಳೆಯಿರಿ, 65,077. ಹಣ ವರ್ಗಾವಣೆ ಮತ್ತು ವಿನಿಮಯದ ನಷ್ಟ ಶೇ 1.5: ಉಳಿದದ್ದು 64,101. ಲೆಕ್ಕಪರಿಶೋಧಕರಿಗೆ 1,200, ಆರೋಗ್ಯ ವಿಮೆಗೆ 2,400: 60,501. ನೌಕರನಾಗಿದ್ದರೆ ಉದ್ಯೋಗದಾತ ಕಟ್ಟುತ್ತಿದ್ದ ಪಿಂಚಣಿ ಮತ್ತು ಸಾಮಾಜಿಕ ಭದ್ರತೆಯ ಪಾಲು ಶೇ 12 ಎಂದರೆ 7,260. ಕೊನೆಗೆ 53,241. ಆದಾಯ ತೆರಿಗೆ ಇನ್ನೂ ಮುಟ್ಟಿಲ್ಲ, ಅಷ್ಟರಲ್ಲೇ ದಪ್ಪ ಮೊತ್ತ 4,359 ಡಾಲರ್ ಹಿಂದೆ ಬಿದ್ದಿದೆ.

ಖರ್ಚಿನ ಕಡಿತ ಅಥವಾ ಅಂದಾಜು ಲಾಭದ ಸೌಲಭ್ಯ ದೊಡ್ಡದಾಗಿದ್ದರೆ ತಕ್ಕಡಿ ಮತ್ತೆ ತಿರುಗಬಹುದು. ಸಾಮಾಜಿಕ ಭದ್ರತೆಗೆ ಏನನ್ನೂ ಕಟ್ಟಬೇಕಿಲ್ಲದ ದೇಶದಲ್ಲೂ ತಿರುಗುತ್ತದೆ, ಆದರೆ ಆಗ ಮುಪ್ಪಿನ ಖರ್ಚನ್ನು ನೀವೇ ಕೂಡಿಡಬೇಕು. ಅಂದಹಾಗೆ ಈ ವಂತಿಗೆ ಆದಾಯ ತೆರಿಗೆಯ ಹಿಂದೆಯೇ ನಡೆಯುವುದಿಲ್ಲ, ಅದರ ಒಪ್ಪಂದಗಳೇ ಬೇರೆ. ವಿದೇಶದಲ್ಲಿ ನೆಲೆಸಿರುವ ಅಮೆರಿಕನ್ ಕಾಂಟ್ರಾಕ್ಟರ್‌ಗೆ ವಿದೇಶಿ ಗಳಿಕೆಯ ವಿನಾಯಿತಿಯಿಂದ ಆದಾಯ ತೆರಿಗೆ ಸೊನ್ನೆಯಾದರೂ, ಆ ದೇಶದೊಡನೆ ಒಪ್ಪಂದವಿಲ್ಲದಿದ್ದರೆ ಶೇ 15.3ರ ಸ್ವಯಂ ಉದ್ಯೋಗ ತೆರಿಗೆ (ಅಲ್ಲಿ ಈ ವಂತಿಗೆಗೆ ಇರುವ ಹೆಸರು) ಬಿಡುವುದಿಲ್ಲ. ಯುರೋಪಿನಲ್ಲಿ 2023ರ ಜುಲೈ 1ರಿಂದ, ಈ ವಂತಿಗೆಯ ಒಪ್ಪಂದವೊಂದಕ್ಕೆ ಸಹಿ ಹಾಕಿದ ದೇಶಗಳ ನಡುವೆ, ಗಡಿಯಾಚೆಯ ಮನೆಯಿಂದ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುವವರು ಕೋರಿಕೊಂಡರೆ ಉದ್ಯೋಗದಾತರ ದೇಶದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲೇ ಉಳಿಯಬಹುದು.

ಶುಕ್ರವಾರದೊಳಗೆ

ನನ್ನ ಒಲವು ಹೀಗೆ: ಒಬ್ಬನೇ ಗಿರಾಕಿ, ಪೂರ್ಣಾವಧಿ ಕೆಲಸ ಎಂದಾದರೆ ಇಒಆರ್, ಮೊತ್ತ ತುಸು ಕಡಿಮೆಯಾದರೂ. ಗಿರಾಕಿಗಳು ಮೂರು ನಾಲ್ಕು, ಸಮಯ ನಿಮ್ಮ ಹಿಡಿತದಲ್ಲಿ ಎಂದಾದರೆ ಕಾಂಟ್ರಾಕ್ಟರ್. ನೇರ ನೌಕರಿ ಸಿಕ್ಕವರು ಈ ಬರಹ ಓದುತ್ತಾ ಕೂರುವುದಿಲ್ಲ.

ಉತ್ತರ ಬರೆಯುವ ಮುನ್ನ ಕಂಪನಿಗೆ ಕೆಲವು ಪ್ರಶ್ನೆ ಹಾಕಿ. ಹೇಳಿದ ಮೊತ್ತದಲ್ಲಿ ಯಾವ ಯಾವ ಶುಲ್ಕ ಸೇರಿದೆ? ಹಣ ಯಾವ ಕರೆನ್ಸಿಯಲ್ಲಿ, ಯಾವ ದಿನದ ದರದಲ್ಲಿ? ನಿಮ್ಮ ದೇಶದಲ್ಲಿ ಏನಾದರೂ ಕಡಿಯುತ್ತೀರಾ, ಕಡಿದರೆ ಪ್ರಮಾಣಪತ್ರ ಯಾವ ತಿಂಗಳು ಕೊಡುತ್ತೀರಿ? ಕೊನೆಯದು ವರ್ಷಗಳ ಹೊಂದಾಣಿಕೆಗೆ: ಅಮೆರಿಕದ ತೆರಿಗೆ ವರ್ಷ ಜನವರಿಯಲ್ಲಿ, ಬ್ರಿಟನ್ನಿನದು ಏಪ್ರಿಲ್ 6ಕ್ಕೆ, ಆಸ್ಟ್ರೇಲಿಯಾದ್ದು ಜುಲೈಯಲ್ಲಿ ಆರಂಭವಾಗುತ್ತದೆ. ಅವರ ಕಾಗದ ಬರುವ ಹೊತ್ತಿಗೆ ನಿಮ್ಮ ರಿಟರ್ನ್ ಗಡುವು ದಾಟಿರಬಾರದು.

ಕಾಂಟ್ರಾಕ್ಟರ್ ಆಗುವುದೆಂದು ತೀರ್ಮಾನಿಸಿದರೆ ಕರಾರಿಗೆ ಒಂದು ಸಾಲು ಸೇರಿಸಿ ಕಳಿಸಿ: ‘ಮುಂದೆ ಯಾವುದೇ ಸರ್ಕಾರ ಈ ಸಂಬಂಧವನ್ನು ನೌಕರಿ ಎಂದು ತೀರ್ಮಾನಿಸಿದರೆ, ಉದ್ಯೋಗದಾತರ ಪಾಲಿನ ಬಾಕಿ ಮತ್ತು ದಂಡವನ್ನು ಕಂಪನಿ ಭರಿಸತಕ್ಕದ್ದು.’ ನಾನು ಕಳಿಸಿದಾಗ ಒಂದು ಕಂಪನಿ ಚಕಾರವೆತ್ತದೆ ಒಪ್ಪಿತು. ಇನ್ನೊಂದು ಆ ಸಾಲನ್ನು ಹೊಡೆದುಹಾಕಿ, ಅದೇ ಹೊಣೆಯನ್ನು ನನ್ನ ಮೇಲೆ ಹೊರಿಸುವ ಸಾಲು ಬರೆದು ವಾಪಸ್ ಕಳಿಸಿತು. ಆ ಎರಡನೆಯವರಿಗೆ ಗುರುವಾರವೇ ಉತ್ತರ ಬರೆದೆ.